ಗುರುವಾರದ ಗ್ಯಾರೇಜ್: ಲಾಕ್‌ಡೌನ್‌ನಲ್ಲಿ ನಮ್ಮ ಕಿಟ್ ಕಾರ್ ಕ್ಲಬ್ ಉಳಿಸಿಕೊಂಡ ಬಗೆ

ವಿಡಿಯೋ ಕಾಲ್‌ನಲ್ಲಿ ಕಾರ್ ಕ್ಲಬ್ ನಡೆಯುವುದಿಲ್ಲ ಅಂತ ನಮ್ಮ ಕ್ಲಬ್ಬಿನಲ್ಲಿ ಹೇಳದವರೇ ಇರಲಿಲ್ಲ. ನಡೆಯಿತು. 2020ರ ಏಪ್ರಿಲ್‌ನಲ್ಲಿ ಶುರುವಾಗಿ ಮುಂದಿನ ವರ್ಷದ ಬೇಸಿಗೆಯವರೆಗೂ ನಡೆಯಿತು. ಕಿಟ್ ಕಾರ್ ಅಂದರೆ ಬಿಡಿಭಾಗಗಳ ಕಿಟ್ ತಂದು, ಒಂದು ಹಳೇ ಕಾರ್ (ಅದೇ ಡೋನರ್) ಬಿಚ್ಚಿ ಅದರ ಭಾಗಗಳನ್ನೂ ಹಾಕಿ ಮನೆಯಲ್ಲೇ ಕಟ್ಟುವ ಕಾರ್. ಸಾಮಾನ್ಯವಾಗಿ ನಮ್ಮಲ್ಲಿ ವರ್ಷಕ್ಕೆ ಎರಡು ಕಾರ್ ಮುಗಿದರೆ ಅದೇ ದೊಡ್ಡದು, ಆ ಅವಧಿಯಲ್ಲಿ ಏಳೋ ಎಂಟೋ ಮುಗಿದವು. ಬೆಂಗಳೂರಿನಲ್ಲಿ ಹಳೇ ಜೀಪು, ಹಳೇ ಬುಲೆಟ್ ಬಿಚ್ಚಿ ಕಟ್ಟುವ ಗೆಳೆಯರು ಈಗಲೂ ಅದು ಹೇಗಾಯಿತು ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಡೋನರ್ ಕಾರ್, ಷಾಸಿ (ಕಾರಿನ ಚೌಕಟ್ಟು) ಎಲ್ಲಿ ಸಿಗುತ್ತದೆ ಅನ್ನುವುದನ್ನೆಲ್ಲ ಬಿಟ್ಟುಬಿಡುತ್ತೇನೆ.

ನಾನಿರುವುದು ಇಂಗ್ಲೆಂಡಿನ ಕಾವೆಂಟ್ರಿ ಹತ್ತಿರ. ಊರು ಹಾಸನದ ಕಡೆ. ಕ್ಲಬ್ಬಿನಲ್ಲಿ ಹೆಚ್ಚಿನವರು ಅರವತ್ತು ದಾಟಿದವರು, ನಿವೃತ್ತ ಫಿಟ್ಟರ್‌ಗಳು, ಟೂಲ್ ರೂಮಿನಲ್ಲಿ ಜೀವ ಸವೆಸಿದವರು. ಮಜ್ದಾ ಕಂಪನಿಯ ಎಂಎಕ್ಸ್-5 ಬಿಚ್ಚಿ ಕಟ್ಟಿದ, ಹಳೇ ಲೋಟಸ್ ಸೆವೆನ್ ಮಾದರಿಯ ಪುಟ್ಟ ತೆರೆದ ಕಾರುಗಳು ಜಾಸ್ತಿ. ಕೋಬ್ರಾ ಅನ್ನುವ ಹಳೇ ಸ್ಪೋರ್ಟ್ಸ್ ಕಾರಿನ ಒಂದೆರಡು ಪ್ರತಿರೂಪಗಳು, ಬೈಕ್ ಇಂಜಿನ್ ಹಾಕಿದ ಒಂದೆರಡು, ಒಂದು ಬೀಚ್ ಬಗ್ಗಿ. ತಿಂಗಳಿಗೊಮ್ಮೆ ಪಬ್ಬಿನಲ್ಲಿ ಸೇರುತ್ತಿದ್ದೆವು. ಅರ್ಧ ಗಂಟೆ ಒಳಗೆ, ಎರಡು ಗಂಟೆ ಹೊರಗೆ ಬಾನೆಟ್ ತೆಗೆದು ನಿಲ್ಲುವುದು, ಅದೇ ಕ್ಲಬ್. ಮಾರ್ಚ್ 20ಕ್ಕೆ ಪಬ್‌ಗಳು ಮುಚ್ಚಿದವು, 23ರ ಸಂಜೆ ಪೂರ್ತಿ ಲಾಕ್‌ಡೌನ್ ಬಂತು. ಮೇ ತಿಂಗಳ ಸ್ಟೋನ್‌ಲೀ ಕಿಟ್ ಕಾರ್ ಶೋ ರದ್ದಾಯಿತು. ಅದು ನಮಗೆ ಊರ ಜಾತ್ರೆಯೇ ಸರಿ. ಮನೆಯಲ್ಲಿ ಕಟ್ಟಿದ ಕಾರನ್ನು ರಸ್ತೆಗಿಳಿಸುವ ಮೊದಲು ಪಾಸಾಗಬೇಕಾದ ಸರ್ಕಾರಿ ಪರೀಕ್ಷೆ, ಐವಿಎ ಟೆಸ್ಟ್, ಅದೂ ನಿಂತಿತು. ಟೆಸ್ಟೇ ಇಲ್ಲ ಅಂದಮೇಲೆ ಕಾರ್ ಮುಗಿಸಿ ಏನು ಮಾಡೋದು ಅಂತ ಅರ್ಧ ಜನ ಗ್ಯಾರೇಜಿಗೆ ಬೀಗ ಹಾಕಿದರು. ಕೆಲವರು ರೋಡ್ ಟ್ಯಾಕ್ಸ್ ವಾಪಸ್ ಪಡೆಯಲು ಕಾರನ್ನೇ ರಸ್ತೆಯಿಂದ ತೆಗೆದಿರುವುದಾಗಿ ಬರೆದುಕೊಟ್ಟು ಹೊದಿಕೆ ಹಾಕಿದರು.

ನನಗೆ ಕಾರಿಗಿಂತ ಜನರದ್ದೇ ಯೋಚನೆಯಾಯಿತು. ಒಂಟಿಯಾಗಿ ಇರುವವರು ನಮ್ಮಲ್ಲಿ ಐದಾರು ಮಂದಿ ಇದ್ದಾರೆ. ಇಬ್ಬರು ಮೂವರಿಗೆ ಆರೋಗ್ಯ ಇಲಾಖೆಯಿಂದ ಪತ್ರ ಬಂದಿತ್ತು, ಹನ್ನೆರಡು ವಾರ ಮನೆ ಬಿಟ್ಟು ಹೊರಗೆ ಬರಬೇಡಿ ಅಂತ. ತಿಂಗಳಿಗೊಮ್ಮೆ ಆ ಪಬ್ಬಿಗೆ ಬರುವುದೇ ಅವರ ಓಡಾಟವಾಗಿತ್ತು.

ಮೊದಲು ಮಾಡಿದ್ದು ವಾಟ್ಸ್ಆ್ಯಪ್ ಗುಂಪು. ಎರಡೇ ವಾರದಲ್ಲಿ ಕೆಟ್ಟುಹೋಯಿತು. ಬೆಳಿಗ್ಗೆ ಸಾವಿನ ಲೆಕ್ಕ, ಮಧ್ಯಾಹ್ನ ಫಾರ್ವರ್ಡ್, ರಾತ್ರಿ ರಾಜಕೀಯದ ಜಗಳ. ಇಬ್ಬರು ಸಿಟ್ಟಾಗಿ ಗುಂಪು ಬಿಟ್ಟರು. ಆಮೇಲೆ ಜೂಮ್‌ಗೆ ಬಂದೆವು. ಮೊದಲ ಕಾಲ್‌ಗೆ ಇಪ್ಪತ್ತಕ್ಕೂ ಜಾಸ್ತಿ ಜನ, ಎಲ್ಲರಿಗೂ ಖುಷಿ. ಪುಕ್ಕಟೆ ಖಾತೆಯಾದ್ದರಿಂದ 40 ನಿಮಿಷಕ್ಕೆ ಕಟ್. ಆ 40 ನಿಮಿಷದಲ್ಲಿ ಮೂವತ್ತನ್ನು ಇಬ್ಬರೇ ಮಾತಾಡಿ ಮುಗಿಸಿದರು. ಉಳಿದವರು ತಮ್ಮ ಮುಖ ತಾವೇ ನೋಡಿಕೊಂಡು ಕೂತಿದ್ದರು. ಎರಡನೇ ವಾರ ಹದಿನೈದು ಜನ, ಮೂರನೇ ವಾರ ಏಳು. ಕ್ವಿಜ್ ಇಟ್ಟೆವು, ಪ್ರತಿ ಸಲ ಅದೇ ಮೂವರು ಗೆದ್ದರು, ಉಳಿದವರಿಗೆ ಬೇಜಾರು. ನಮ್ಮಲ್ಲೇ ಒಬ್ಬರಿಂದ ಡ್ಯಾಂಪರ್ (ಷಾಕ್ ಅಬ್ಸಾರ್ಬರ್) ಸೆಟ್ಟಿಂಗ್ ಬಗ್ಗೆ ಒಂದು ಭಾಷಣ ಮಾಡಿಸಿದೆವು. ಒಳ್ಳೆಯ ಭಾಷಣ, ಅದರ ಮಧ್ಯೆ ನಾಲ್ವರು ನಿದ್ದೆ ಹೋದರು. "ನೋಡಪ್ಪಾ, ನಾವು ಹೇಳಿದ್ವಿ" ಅನ್ನುವ ಧಾಟಿಯಲ್ಲಿ ಹಳೆಯ ಚೇರ್ಮನ್ ಫೋನ್ ಮಾಡಿದರು. ಬಿಟ್ಟುಬಿಡು, ಪಬ್ ತೆಗೆದ ಮೇಲೆ ಸೇರೋಣ ಅಂದರು.

ಬಿಡಲಿಲ್ಲ. ನಮ್ಮಮ್ಮನ ಮನೆಯಲ್ಲಿ ಅವರೆಕಾಯಿ ಕಾಲದಲ್ಲಿ ಹೆಂಗಸರು ಸುತ್ತ ಕೂತು ಕಾಯಿ ಸುಲಿಯುತ್ತಾ ಮಾತಾಡುತ್ತಾರಲ್ಲ, ಮಾತು ಹಾಗೆ ಹುಟ್ಟಬೇಕು ಅನ್ನಿಸಿತು. ಕೈಗೆ ಕೆಲಸ ಇರಬೇಕು, ಕಣ್ಣು ಕೆಲಸದ ಮೇಲೆ ಇರಬೇಕು. ಪಬ್ಬಿನಲ್ಲಿ ನಮ್ಮ ಒಳ್ಳೆಯ ಮಾತೆಲ್ಲ ಟೇಬಲ್ ಮುಂದೆ ಆಗಿದ್ದೇ ಅಲ್ಲ, ಹೊರಗೆ ಇಂಜಿನ್ ಬಗ್ಗಿ ನೋಡುವಾಗ ಆಗಿದ್ದು. ಹಾಗಾದರೆ ಕಾಲ್‌ಗೂ ಕಾರನ್ನೇ ತರಬೇಕು ಅಲ್ವಾ?

ದಿನ ಗುರುವಾರ ಅಂತ ಆರಿಸಿದ್ದಕ್ಕೆ ಕಾರಣ ಇದೆ. ಆಗ ಗುರುವಾರ ರಾತ್ರಿ 8ಕ್ಕೆ ಇಡೀ ದೇಶ ಬಾಗಿಲಿಗೆ ಬಂದು ಆಸ್ಪತ್ರೆ ಸಿಬ್ಬಂದಿಗೆ ಚಪ್ಪಾಳೆ ತಟ್ಟುತ್ತಿತ್ತು. ಹೇಗೂ ಎಲ್ಲರೂ ಸೋಫಾ ಬಿಟ್ಟು ಎದ್ದಿರುತ್ತಾರೆ, ಚಪ್ಪಲಿ ಹಾಕಿಕೊಂಡಿರುತ್ತಾರೆ. ಚಪ್ಪಾಳೆ ಮುಗಿಸಿ ಮನೆಯೊಳಗೆ ಹೋಗಬೇಡಿ, ಹಾಗೇ ಗ್ಯಾರೇಜಿಗೆ ಹೋಗಿ, 8 ಗಂಟೆ 10 ನಿಮಿಷಕ್ಕೆ ಕಾಲ್ ಅಂದೆ. ಮೇ ಕೊನೆಯಲ್ಲಿ ಚಪ್ಪಾಳೆ ನಿಂತರೂ ನಮ್ಮ ಗುರುವಾರ ನಿಲ್ಲಲಿಲ್ಲ.

ಮೊದಲ ನಿಯಮ, ಕ್ಯಾಮೆರಾ ಮುಖಕ್ಕಲ್ಲ, ಕಾರಿಗೆ. ಫೋನನ್ನು ಆಕ್ಸಲ್ ಸ್ಟ್ಯಾಂಡ್ ಮೇಲೋ ಪೇಂಟ್ ಡಬ್ಬದ ಮೇಲೋ ಇಟ್ಟು ಕೆಲಸ ಕಾಣುವಂತೆ ತಿರುಗಿಸಬೇಕು. ಮುಖ ತೋರಿಸಲು ಸಂಕೋಚಪಡುತ್ತಿದ್ದವರು ಇದಕ್ಕೆ ತಕ್ಷಣ ಒಪ್ಪಿದರು. ಮುಂದಿನ ವಾರಕ್ಕೆ ಪ್ರತಿಯೊಬ್ಬರೂ ಒಂದು ಕೆಲಸ ಒಪ್ಪಿಕೊಳ್ಳಬೇಕು, ಅದು ಒಂದು ಗಂಟೆಯಲ್ಲಿ ಮುಗಿಯುವಂಥದ್ದೇ ಆಗಿರಬೇಕು. ಈ ಒಂದು ಗಂಟೆಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. "ವೈರಿಂಗ್ ಮಾಡ್ತೀನಿ" ಅಂದರೆ ಬರೆದುಕೊಳ್ಳುತ್ತಿರಲಿಲ್ಲ, "ಎಡಗಡೆ ಹೆಡ್‌ಲೈಟಿನ ಅರ್ತ್ ವೈರ್ ಮುಗಿಸ್ತೀನಿ" ಅಂದರೆ ಬರೆದುಕೊಳ್ಳುತ್ತಿದ್ದೆ. ದೊಡ್ಡ ಕೆಲಸ ಒಪ್ಪಿಕೊಂಡವನು ಮುಗಿಸಲಾರ, ಮುಗಿಸದವನು ಮುಂದಿನ ವಾರ ನಾಚಿಕೆಗೆ ಬರುವುದೇ ಇಲ್ಲ. ಜನ ಕರಗಿಹೋಗುವುದು ಅಲ್ಲೇ. ಗ್ರೈಂಡರ್ ಹಚ್ಚುವಂತಿಲ್ಲ, ಹಚ್ಚಲೇಬೇಕಾದರೆ ಮೈಕ್ ಮುಚ್ಚಬೇಕು. ಒಂಬತ್ತೂವರೆ ತನಕ ಕೊರೊನಾ ಮಾತು ಬೇಡ. ಅದಾದ ಮೇಲೆ ಇರುವವರು ಇರಬಹುದು, ಏನು ಬೇಕಾದರೂ ಮಾತಾಡಬಹುದು.

ಆ ಒಂಬತ್ತೂವರೆಯ ಮೇಲಿನ ಹೊತ್ತೇ ನಿಜವಾದ ಕ್ಲಬ್. ಒಬ್ಬರು, ಹೆಂಡತಿ ತೀರಿಕೊಂಡು ಎರಡು ವರ್ಷವಾದರೂ ಅದರ ಬಗ್ಗೆ ಒಂದು ಮಾತೂ ಆಡದಿದ್ದವರು, ಬ್ರೇಕ್ ಕ್ಯಾಲಿಪರ್ ಉಜ್ಜುತ್ತಾ ಉಜ್ಜುತ್ತಾ ಎಲ್ಲ ಹೇಳಿಕೊಂಡರು. ಯಾರೂ ಅವರ ಮುಖ ನೋಡುತ್ತಿರಲಿಲ್ಲ, ಎಲ್ಲರೂ ಕ್ಯಾಲಿಪರ್ ನೋಡುತ್ತಿದ್ದೆವು. ಮುಗಿದ ಮೇಲೆ ಒಬ್ಬರು "ಪಿಸ್ಟನ್ ಸೀಲ್ ನನ್ನ ಹತ್ತಿರ ಒಂದು ಸೆಟ್ ಇದೆ, ಕಳಿಸ್ತೀನಿ" ಅಂದರು. ಅಷ್ಟು ಸಾಕಾಗಿತ್ತು.

ಎರಡು ವಾರ ಸತತ ಬರದವರಿಗೆ ನಾನು ಫೋನ್ ಮಾಡುತ್ತಿದ್ದೆ. ಹೇಗಿದ್ದೀರಿ ಅಂತ ಕೇಳಿದರೆ "ಚೆನ್ನಾಗಿದ್ದೀನಿ" ಅಂತ ಹೇಳಿ ಇಟ್ಟುಬಿಡುತ್ತಾರೆ. ನಾನು ಕೇಳುತ್ತಿದ್ದುದು ಸಲಹೆ. ನಿಮ್ಮ ಪೆಡಲ್ ಬಾಕ್ಸ್ ಹೇಗೆ ಕೂರಿಸಿದಿರಿ, ಒಂದು ಸಲ ಕ್ಯಾಮೆರಾದಲ್ಲಿ ತೋರಿಸುತ್ತೀರಾ ಅಂತ. ತೋರಿಸಲು ಬಂದವರು ಉಳಿದುಕೊಂಡರು. ಯಾರನ್ನು ಯಾರ ಜೊತೆ ಜೋಡಿ ಹಾಕುತ್ತಿದ್ದೆ, ಯಾರಿಗೆ ಮೊದಲು ಮಾತು ಕೊಡುತ್ತಿದ್ದೆ ಅನ್ನುವುದಕ್ಕೂ ಒಂದು ಲೆಕ್ಕ ಇದೆ. ಅದು ನನ್ನ ಹತ್ತಿರವೇ ಇರಲಿ. ಬರೆದರೆ ನಮ್ಮವರೇ ಓದಿ ಗುರುತು ಹಿಡಿಯುತ್ತಾರೆ.

ಈಗ ದುಡ್ಡಿನ ವಿಷಯ. ಜೂಮ್ ಪ್ರೊ, ಅಂದರೆ ದುಡ್ಡು ಕೊಡುವ ಖಾತೆ, ಆಗ ತಿಂಗಳಿಗೆ 11.99 ಪೌಂಡ್, ವ್ಯಾಟ್ ಸೇರಿ ಹದಿನಾಲ್ಕು ಚಿಲ್ಲರೆ. ಮೊದಲ ಎರಡು ಮೂರು ತಿಂಗಳು ಕೈಯಿಂದ ಕೊಟ್ಟೆ. ಆಮೇಲೆ ಇಷ್ಟವಿದ್ದವರು ವಾರಕ್ಕೆ ಒಂದು ಪೌಂಡ್ ಹಾಕಿದರು, ಖರ್ಚು ಕಳೆದು ಮಿಕ್ಕಿದ್ದು ಊರಿನ ಫುಡ್ ಬ್ಯಾಂಕಿಗೆ ಹೋಯಿತು. ನಿಜವಾದ ಖರ್ಚು ಬಂದಿದ್ದು ವೈಫೈನಿಂದ. ಇಲ್ಲಿ ಗ್ಯಾರೇಜ್ ಮನೆಯಿಂದ ದೂರ, ಇಟ್ಟಿಗೆ ಗೋಡೆ, ಸಿಗ್ನಲ್ ತಲುಪುವುದಿಲ್ಲ. ವೈಫೈ ಸಿಗ್ನಲ್ ಮುಂದಕ್ಕೆ ದಾಟಿಸುವ ಇಪ್ಪತ್ತು ಪೌಂಡಿನ ಎಕ್ಸ್‌ಟೆಂಡರ್ ತೆಗೆದುಕೊಂಡವರಿಗೆಲ್ಲ ಆ ದುಡ್ಡು ದಂಡವಾಯಿತು. ಕರೆಂಟ್ ಲೈನಿನಲ್ಲೇ ಇಂಟರ್ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್ ಜೋಡಿ ನಲವತ್ತರ ಹತ್ತಿರ, ಅದು ಕೆಲವರಿಗೆ ಆಯಿತು, ಗ್ಯಾರೇಜಿಗೆ ಬೇರೆ ಫ್ಯೂಸ್ ಬೋರ್ಡ್ ಇದ್ದವರಿಗೆ ಆಗಲಿಲ್ಲ. ಕೊನೆಗೆ ಎಲ್ಲಕ್ಕಿಂತ ಚೆನ್ನಾಗಿ ನಡೆದಿದ್ದು ಕಿಟಕಿಯಿಂದ ಎಳೆದ ಮೂವತ್ತು ಮೀಟರ್ ನೆಟ್‌ವರ್ಕ್ ಕೇಬಲ್, ಹತ್ತು ಹನ್ನೆರಡು ಪೌಂಡ್. ವೆಬ್‌ಕ್ಯಾಮ್ ಆ ತಿಂಗಳುಗಳಲ್ಲಿ ಸಿಗುತ್ತಲೇ ಇರಲಿಲ್ಲ, ಸಿಕ್ಕರೂ ಬೆಲೆ ಎರಡು ಪಟ್ಟು, ಹಳೇ ಫೋನೇ ಸಾಕು. ನೈಟ್ರೈಲ್ ಕೈಗವಸಿನ ಡಬ್ಬವಂತೂ ಐದಾರು ಪೌಂಡ್ ಇದ್ದದ್ದು ಹದಿನೈದರ ಹತ್ತಿರ ಹೋಯಿತು. ನಮ್ಮವರು ಗ್ಯಾರೇಜಿನಲ್ಲಿ ಇಟ್ಟಿದ್ದ ಹೊಸ ಡಬ್ಬಗಳನ್ನೂ ಪೇಂಟ್ ಮಾಡುವಾಗ ಹಾಕುವ ಮಾಸ್ಕ್‌ಗಳನ್ನೂ ಹತ್ತಿರದ ವೃದ್ಧಾಶ್ರಮಕ್ಕೆ ಕೊಟ್ಟರು, ಬರಿಗೈಯಲ್ಲಿ ಗ್ರೀಸ್ ಮೆತ್ತಿಕೊಂಡರು. ಡ್ಯಾಶ್‌ಬೋರ್ಡಿನ ಭಾಗಗಳಿಗೆ ಅಂತ ತ್ರೀಡಿ ಪ್ರಿಂಟರ್ ತಂದಿದ್ದ ಒಬ್ಬರು ಹಗಲು ರಾತ್ರಿ ಫೇಸ್ ಶೀಲ್ಡಿನ ಪಟ್ಟಿಗಳನ್ನೇ ಪ್ರಿಂಟ್ ಮಾಡಿದರು.

ಸದ್ದಿನ ವಿಷಯಕ್ಕೆ ನಾನು ತುಂಬಾ ತಲೆ ಕೆಡಿಸಿಕೊಂಡೆ. ಯಾರಾದರೂ ಮೊದಲ ಸಲ ಇಂಜಿನ್ ಸ್ಟಾರ್ಟ್ ಮಾಡಿದರೆ ಅದನ್ನು ಎಲ್ಲರೂ ಕೇಳಬೇಕು ಅಲ್ವಾ? ಆದರೆ ಜೂಮ್ ಇಂಜಿನ್ ಸದ್ದನ್ನು ಫ್ಯಾನಿನ ಸದ್ದು ಅಂತ ತಿಳಿದು ಅಳಿಸಿಬಿಡುತ್ತದೆ. ಸೈಲೆನ್ಸರ್ ಅಲ್ಲಾಡುವುದು ಕಾಣುತ್ತದೆ, ಕೇಳುವುದು ಏನೂ ಇಲ್ಲ. ಸೆಟ್ಟಿಂಗ್‌ನಲ್ಲಿ ಒರಿಜಿನಲ್ ಸೌಂಡ್ ಅಂತ ಇದೆ, ಅದನ್ನು ಹಾಕಿ, ಫೋನನ್ನು ಸೈಲೆನ್ಸರಿನಿಂದ ಮೂರು ಮೀಟರ್ ದೂರ ಒಂದು ದಪ್ಪ ಬಟ್ಟೆಯ ಮೇಲೆ ಇಟ್ಟರೆ ಚೆನ್ನಾಗಿ ಬರುತ್ತದೆ. ಇದರಿಂದ ಒಂದು ಆಟವೂ ಹುಟ್ಟಿತು. ಕ್ಯಾಮೆರಾ ಮುಚ್ಚಿ ಇಂಜಿನ್ ಹಚ್ಚುವುದು, ಯಾವುದು ಅಂತ ಉಳಿದವರು ಹೇಳುವುದು. ರೋವರ್ ವಿ8 ಎಲ್ಲರಿಗೂ ಗೊತ್ತಾಗುತ್ತದೆ, ಏರ್ ಕೂಲ್ಡ್ ಫೋಕ್ಸ್‌ವ್ಯಾಗನ್ ಕೂಡ. ಫೋರ್ಡಿನ ಹಳೇ ಇಂಜಿನ್‌ಗಳಲ್ಲಿ ಕ್ರಾಸ್‌ಫ್ಲೋ ಯಾವುದು, ಪಿಂಟೋ ಯಾವುದು ಅನ್ನುವಲ್ಲಿ ಜಗಳ. ಕ್ವಿಜ್‌ನಲ್ಲಿ ಸುಮ್ಮನೆ ಕೂತಿದ್ದವರೆಲ್ಲ ಇದರಲ್ಲಿ ಗೆದ್ದರು. ಆ ಹಳೆಯ ಚೇರ್ಮನ್ ಕೇಳಿದ್ದನ್ನೆಲ್ಲ ಸರಿಯಾಗಿ ಹೇಳಿದರು, ಒಂದರಲ್ಲಿ ಟ್ಯಾಪೆಟ್ ಸಡಿಲ ಇದೆ ಅಂತಲೂ ಹೇಳಿದರು. ಸಡಿಲ ಇತ್ತು. ಅಲ್ಲಿಂದ ಮುಂದೆ ಅವರು ಒಂದು ಗುರುವಾರವನ್ನೂ ತಪ್ಪಿಸಲಿಲ್ಲ. ಬಿಡಿಭಾಗಗಳಾಗಿ ಕೊಂಡರೆ ಪರ್ಚೇಸ್ ಟ್ಯಾಕ್ಸ್ ಇಲ್ಲ ಅನ್ನುವ ಕಾರಣಕ್ಕೆ ತಾವು ಹುಡುಗರಾಗಿದ್ದಾಗ ಜನ ಲೋಟಸ್ ಸೆವೆನ್ ಕಿಟ್ ತಂದು ಮನೆಯಲ್ಲಿ ಕಟ್ಟುತ್ತಿದ್ದುದು, 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋದದ್ದು, ಅದೇ ವರ್ಷ ಸೆವೆನ್‌ನ ಹಕ್ಕು ಕೇಟರ್‌ಹ್ಯಾಮ್ ಕಂಪನಿಯ ಕೈಗೆ ಬಂದದ್ದು, ಎಲ್ಲವನ್ನೂ ಅವರ ಬಾಯಿಂದ ನಾವು ಕೇಳಿದ್ದು ಆ ರಾತ್ರಿಗಳಲ್ಲೇ.

ಇನ್ನೊಂದು ಪ್ರಯೋಗ ಹಾಸನಕ್ಕೆ ಸಂಬಂಧಪಟ್ಟದ್ದು. ನನ್ನ ಹೈಸ್ಕೂಲ್ ಗೆಳೆಯನೊಬ್ಬ ಅಲ್ಲಿ ಗ್ಯಾರೇಜ್ ಇಟ್ಟಿದ್ದಾನೆ, ಅಂಬಾಸಡರ್, ಪದ್ಮಿನಿ ಮೇಲೆ ಕೈ ಪಳಗಿಸಿಕೊಂಡವನು. ಮಾರ್ಚ್ 25ರಿಂದ ಅವನ ಗ್ಯಾರೇಜೂ ಬಂದ್, ದುಡಿಮೆ ಇಲ್ಲ, ನಿದ್ದೆಯೂ ಇಲ್ಲ. ಇಲ್ಲಿ 8 ಗಂಟೆ 10 ನಿಮಿಷ ಅಂದರೆ ಅಲ್ಲಿ ರಾತ್ರಿ 12 ಗಂಟೆ 40 ನಿಮಿಷ. ಎದ್ದಿರುತ್ತೀಯಲ್ಲ, ಬಾ ಅಂದೆ. ಬಂದ. ಆವತ್ತು ನಮ್ಮ ಒಬ್ಬರ ಕ್ರಾಸ್‌ಫ್ಲೋ ಇಂಜಿನ್ ಬಿಸಿಯಾದ ಮೇಲೆ ಮಿಸ್ ಹೊಡೆಯುತ್ತಿತ್ತು. ಪ್ಲಗ್, ಕಾಯಿಲ್, ಪಾಯಿಂಟ್ ಎಲ್ಲ ಬದಲಿಸಿ ಎಂಬತ್ತು ಪೌಂಡ್ ಖರ್ಚು ಮಾಡಿದ್ದರು, ಕಾರ್ಬುರೇಟರ್ ಬಿಚ್ಚೋಣ ಅಂತ ನಾಲ್ಕು ಜನ ಹೇಳುತ್ತಿದ್ದರು. ನನ್ನ ಗೆಳೆಯ ಸುಮ್ನೆ ಐದು ನಿಮಿಷ ಕೇಳಿಸಿಕೊಂಡ. "ಲೋ, ಆ ಯಜಮಾನ್ರಿಗೆ ಹೇಳೋ, ಕಂಡೆನ್ಸರ್ ಹೋಗಿದೆ. ಬಿಸಿ ಆದ್ಮೇಲೆ ಮಾತ್ರ ಕೈ ಕೊಡ್ತಿದೆ ಅಂದ್ರೆ ಇನ್ನೇನು? ಹೊಸದು ಹಾಕಬೇಡಿ ಅನ್ನು, ಹಳೇದು ಚೆನ್ನಾಗಿರೋದು ಡಬ್ಬದಲ್ಲಿ ಇದ್ರೆ ಅದನ್ನ ಹಾಕ್ಲಿ" ಅಂದ. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರ ಹತ್ತಿರ ಹಳೆಯದೊಂದು ಇತ್ತು. ಹಾಕಿದರು, ಅರ್ಧ ಗಂಟೆ ಓಡಿಸಿದರು, ಒಂದು ಮಿಸ್ ಇಲ್ಲ. ಅವನಿಗೆ ಎಲ್ಲರೂ ಸ್ಪ್ಯಾನರ್‌ನಿಂದ ಬೆಂಚ್ ಬಡಿದು ಮೆಚ್ಚುಗೆ ಹೇಳಿದರು. ನಮ್ಮೂರಲ್ಲಿ ಇಂಥ ಕಾರ್ ಕಟ್ಟಿದರೆ ಆರ್‌ಟಿಒದಲ್ಲಿ ನಂಬರ್ ಕೊಡ್ತಾರಾ ಅಂತ ಅವನು ಆಮೇಲೆ ಬಹಳ ಆಸೆಯಿಂದ ಕೇಳಿದ. ಕಷ್ಟ. ಕಂಪನಿ ಕೊಟ್ಟ ಸ್ಪೆಸಿಫಿಕೇಶನ್ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಲ್ಲಿ ಐವಿಎ ಇರುವ ಹಾಗೆ ಅಲ್ಲೂ ಒಂದು ದಾರಿ ಬೇಕು ಅಂತ ನನಗೆ ತುಂಬಾ ಆಸೆ ಇದೆ. ಅವನಂಥ ಕೈಗಳು ಹಳೇ ಕಾರು ರಿಪೇರಿಗೇ ಸೀಮಿತವಾಗಿರುವುದು ನಷ್ಟ.

ಸುತ್ತುವ ಡಬ್ಬವೂ ಚೆನ್ನಾಗಿ ನಡೆಯಿತು. ಬ್ರೇಕ್ ಪೈಪ್ ತುದಿ ಅಗಲಿಸುವ ಒಳ್ಳೆಯ ಟೂಲ್ ನೂರು ಪೌಂಡಿಗೂ ಜಾಸ್ತಿ, ಜೀವನದಲ್ಲಿ ಎರಡು ಸಲ ಬೇಕಾಗುವುದು. ಅದನ್ನೂ, ಷೀಟ್ ಹಿಡಿದಿಡುವ ಪಿನ್‌ಗಳನ್ನೂ, ಒಂದು ಒಳ್ಳೆಯ ರಿವೆಟ್ ಗನ್ನನ್ನೂ ಡಬ್ಬಕ್ಕೆ ಹಾಕಿ ಮನೆಯಿಂದ ಮನೆಗೆ ಕೊರಿಯರ್ ಮಾಡಿದೆವು. ಬಂದ ಡಬ್ಬವನ್ನು ಮೂರು ದಿನ ಷೆಡ್ಡಿನಲ್ಲಿ ಮುಟ್ಟದೆ ಇಟ್ಟು ಆಮೇಲೆ ತೆಗೆಯಬೇಕು, ಆಗಿನ ಪದ್ಧತಿ ಅದು. ಕಳಿಸುವವರು ಡಬ್ಬದಲ್ಲಿ ಇನ್ನೇನಾದರೂ ಇಡುತ್ತಿದ್ದರು, ಬಿಸ್ಕತ್ತು, ತೋಟದ ಬೀಜ, ತಗಡಿನ ಅಂಚಿಗೆ ಹಾಕಿ ಮಿಕ್ಕಿದ ಎಡ್ಜ್ ಟ್ರಿಮ್. ನಮ್ಮ ಮನೆಯಿಂದ ಚಕ್ಕುಲಿ ಹೋಯಿತು. ಮುಂದಿನ ಸುತ್ತಿನಲ್ಲಿ ಟೂಲ್ ಬೇಡ ಅನ್ನುವವರೂ ಡಬ್ಬ ಕೇಳಿದರು.

ಮೇ 13ರಿಂದ ಇಂಗ್ಲೆಂಡಿನಲ್ಲಿ ಬೇರೆ ಮನೆಯ ಒಬ್ಬರನ್ನು ಹೊರಗೆ ಎರಡು ಮೀಟರ್ ದೂರದಲ್ಲಿ ನೋಡಬಹುದು, ಎಷ್ಟು ದೂರ ಬೇಕಾದರೂ ಕಾರ್ ಓಡಿಸಬಹುದು ಅಂತ ಆಯಿತು. ಎರಡೆರಡು ಕಾರ್ ಜೋಡಿ ಮಾಡಿ ಫಾಸ್ ವೇ ಮೇಲೆ, ಅಂದರೆ ನಮ್ಮ ಬಿ4455 ರಸ್ತೆಯಲ್ಲಿ, ಓಡಿಸಲು ಶುರುಮಾಡಿದೆವು. ರೋಮನ್ನರ ಕಾಲದ ನೇರ ದಾರಿ, ಬಾಗಿಲಿಲ್ಲದ ಕಾರಿಗೆ ಹೇಳಿ ಮಾಡಿಸಿದ್ದು. ವೇಲ್ಸ್‌ನಲ್ಲಿದ್ದ ಸದಸ್ಯರಿಗೆ ಮಾತ್ರ ಜುಲೈ 6ರವರೆಗೆ ಮನೆಯ ಸುತ್ತ ಹೆಚ್ಚುಕಡಿಮೆ ಐದು ಮೈಲಿ ದಾಟುವಂತಿರಲಿಲ್ಲ. ಅವರಿಗಾಗಿ ಒಬ್ಬರು ರೋಲ್ ಬಾರ್‌ಗೆ ಫೋನ್ ಕಟ್ಟಿ ಓಡಿಸಿದ್ದನ್ನು ರೆಕಾರ್ಡ್ ಮಾಡಿ ಗುರುವಾರ ತೋರಿಸಿದರು.

ಚಳಿಗಾಲ ಕಷ್ಟವಾಯಿತು. ನವೆಂಬರ್‌ನಲ್ಲಿ ಎರಡನೇ ಲಾಕ್‌ಡೌನ್, ಜನವರಿಯಲ್ಲಿ ಮೂರನೆಯದು. ಗ್ಯಾರೇಜಿನಲ್ಲಿ ಎರಡು ಮೂರು ಡಿಗ್ರಿ, ಪಿಯು (ಪಾಲಿಯುರೆಥೇನ್) ಅಂಟು ಒಣಗುವುದಿಲ್ಲ, ಬೆರಳು ಮಡಚುವುದಿಲ್ಲ. ಜನ ಹತ್ತಕ್ಕೆ ಇಳಿದರು. ಆಗ ಕೆಲಸವನ್ನೇ ಅಡುಗೆಮನೆಯ ಟೇಬಲ್ಲಿಗೆ ತಂದೆವು. ಕಾರ್ಬುರೇಟರ್ ಬಿಚ್ಚಿ ತೊಳೆಯುವುದು, ಸ್ವಿಚ್ ಬಿಚ್ಚಿ ಜೋಡಿಸುವುದು, ಎಂಎಕ್ಸ್-5 ವೈರಿಂಗ್ ಕಟ್ಟಿನಿಂದ ಬೇಡದ್ದನ್ನು ಬಿಡಿಸಿ ತೆಗೆಯುವುದು. ನನ್ನ ವೈರಿಂಗ್ ಎರಡು ವರ್ಷದಿಂದ ಪೆಟ್ಟಿಗೆಯಲ್ಲೇ ಕೂತಿತ್ತು. ಆ ಚಳಿಗಾಲದಲ್ಲಿ ವಾರಕ್ಕೊಂದು ಸರ್ಕ್ಯೂಟ್ ಅಂತ ಮುಗಿಯಿತು, ಎಲ್ಲ ಸೇರಿ ನಾಲ್ಕು ಕಿಲೋ ತಂತಿ ಹೊರಗೆ ಬಂತು. ಒಬ್ಬರ ಪತ್ನಿ ಹೊಲಿಗೆ ಮೆಷಿನ್ ತಂದು ಸೀಟಿನ ವಿನೈಲ್‌ಗೆ ಜೋಡಿ ಹೊಲಿಗೆ ಹಾಕುವುದನ್ನು ಹೇಳಿಕೊಟ್ಟರು. 16 ನಂಬರ್ ಸೂಜಿ, ಉದ್ದ ಹೊಲಿಗೆ, ಪಿನ್ ಚುಚ್ಚಬೇಡಿ, ಕ್ಲಿಪ್ ಹಾಕಿ. ಸೀಟು ಹೊಲಿಯುವ ಅಪ್‌ಹೋಲ್ಸ್ಟರಿಯವರು ಆಗ ಎರಡು ಸೀಟಿಗೆ ಐನೂರು ಪೌಂಡಿನ ಹತ್ತಿರ ಕೇಳುತ್ತಿದ್ದರು. ಅವರ ಪಾಠ ಕೇಳಿ ಮೂರು ಮನೆಗಳಲ್ಲಿ ಎಂಬತ್ತು ತೊಂಬತ್ತರಲ್ಲಿ ಮುಗಿಯಿತು. ಆಮೇಲೆ ಬೇರೆ ಮನೆಯ ಹೆಂಗಸರೂ ಬರತೊಡಗಿದರು, ಗುಂಪು ಮತ್ತೆ ಹದಿನೆಂಟಕ್ಕೆ ಏರಿತು.

ನನ್ನ ಕಾರಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಡೋನರ್ ಏಳುನೂರು ಪೌಂಡ್, ಅದರಲ್ಲಿ ಬೇಡದ ಭಾಗ ಮಾರಿ ನಾನೂರು ವಾಪಸ್ ಬಂತು. ಎಲ್ಲ ಸೇರಿ ಆರೂವರೆ ಸಾವಿರದ ಆಸುಪಾಸು. ಐವಿಎ ಫೀಸ್ ಆಗ 450 ಪೌಂಡ್, ಫೇಲಾದರೆ ಮತ್ತೆ 90. ಹೊರಗಿನ ಅಂಚುಗಳಿಗೆಲ್ಲ 2.5 ಮಿಲಿಮೀಟರ್ ದುಂಡು ಬೇಕು, ಸದ್ದು 99 ಡೆಸಿಬಲ್ ದಾಟಬಾರದು. ಗುರುವಾರದವರು ಒಬ್ಬೊಬ್ಬರೂ ಒಂದೊಂದು ಮೂಲೆ ಕ್ಯಾಮೆರಾದಲ್ಲಿ ತೋರಿಸು ಅಂತ ಕೇಳಿ ಕೇಳಿ ಟೆಸ್ಟಿಗೆ ಮೊದಲೇ ನನ್ನಿಂದ ಎಲ್ಲ ಮಾಡಿಸಿಬಿಟ್ಟಿದ್ದರು. ಮೊದಲ ಸಲಕ್ಕೇ ಪಾಸಾಯಿತು. ಬಿಟ್ಟ ಸ್ಟೀರಿಂಗ್ ತಾನೇ ನೇರಕ್ಕೆ ಬರಬೇಕು ಅನ್ನುವ ಪರೀಕ್ಷೆಯಲ್ಲಿ ಈ ಮಾದರಿಯ ಕಾರುಗಳು ತುಂಬಾ ಬೀಳುತ್ತವೆ. ಅದಕ್ಕೆ ನಾವು ಮಾಡುವ ಒಂದು ಉಪಾಯ ಇದೆ. ಅದನ್ನು ಗುರುವಾರ ಬಂದವರಿಗೆ ಮಾತ್ರ ಹೇಳುತ್ತೇವೆ.

ಪಬ್ ತೆರೆದ ಮೇಲೆ ಇದು ಬೇಡವಾಗುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು, ಅದೂ ಸುಳ್ಳಾಯಿತು. ಬೇಸಿಗೆಯಲ್ಲಿ ಈಗ ಪಬ್, ಅಕ್ಟೋಬರ್ ಕೊನೆಗೆ ಗಡಿಯಾರ ಒಂದು ಗಂಟೆ ಹಿಂದೆ ಸರಿಸಿದ ವಾರದಿಂದ ಮಾರ್ಚ್‌ವರೆಗೆ ಗುರುವಾರದ ಗ್ಯಾರೇಜ್. ರಾತ್ರಿ ಕಾರ್ ಓಡಿಸಲಾಗದ ಹಿರಿಯರಿಗೆ ಅದೇ ಅನುಕೂಲ. ಹಾಸನದ ಗೆಳೆಯ ಚಳಿಗಾಲದ ಸಮಯಕ್ಕೆ ರಾತ್ರಿ ಒಂದೂ ಮುಕ್ಕಾಲಾಗುತ್ತದೆ ಅಂತ ಬೈಯುತ್ತಲೇ ತಿಂಗಳಿಗೊಮ್ಮೆ ಬರುತ್ತಾನೆ. ನೀವು ಶುರುಮಾಡುವುದಾದರೆ ಐದಾರು ಜನ ಸಾಕು. ಮೊದಲು ಒಂದು ಉದ್ದ ಕೇಬಲ್ ಕೊಳ್ಳಿ, ಎಕ್ಸ್‌ಟೆಂಡರ್ ಬೇಡ.